ಗಿರಣಿ ಕಾಟಾದ ಮೇಲೆ ನಿಂತವರು

ಬರೆಯಲು ಕುಳಿತು ಎರಡು ಸಾಲೂ ಆಗಿಲ್ಲ, ಮತ್ತೆ ಒಬ್ಬರು ಬಂದು, "ಅಕ್ಕಾ, ಜರಾ ನನ್ನ ತೂಕ ನೋಡ್ರಿ" ಎಂದು ಎಬ್ಬಿಸಿದರು. ಶಹಾಬಾದಿನ ನಮ್ಮ ಹಿಟ್ಟಿನ ಗಿರಣಿಯಲ್ಲಿ ಇದು ನಿಲ್ಲುವುದೇ ಇಲ್ಲ. ಕಾಟಾ ಇಟ್ಟಿರುವುದು ಜೋಳ ತೂಗಲು. ಆದರೆ ಓಣಿಯ ನರ್ಸಮ್ಮ ಒಂದು ಅಂದಾಜು ಲೆಕ್ಕ ಹೇಳಿಕೊಟ್ಟಳು: ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು ನೂರು ಕಳೆದರೆ ಗಂಡಸಿಗೆ ಇರಬೇಕಾದ ಕಿಲೋ, ಹೆಂಗಸಾದರೆ ಇನ್ನೂ ಐದು ಕಳೆಯಬೇಕು. ನಾನು ಗೋಡೆಗೆ ಟೇಪು ಅಂಟಿಸಿದೆ. ಅಲ್ಲಿಗೆ ನನ್ನ ನೆಮ್ಮದಿ ಮುಗಿಯಿತು.

ರುಮಾಲು

ವಾಡಿಯಿಂದ ಬೀಗರ ಮನೆಗೆ ಬಂದಿದ್ದ ಹಿರಿಯರೊಬ್ಬರು ಕಾಟಾ ಹತ್ತಿದರು.

"ಆರು ಕಿಲೋ ಜಾಸ್ತಿ ಅದರೀ ಕಾಕಾ" ಎಂದೆ.

"ಎತ್ತರ ಅಳೆಯೋವಾಗ ರುಮಾಲು ಹಿಡಿದಿ ಇಲ್ಲೋ?"

"ಇಲ್ಲರೀ."

"ಹಿಡಿಯವ್ವ. ದಿನಾ ಸುತ್ತತೀನಿ."

ಹಿಡಿದೆ. ಎತ್ತರ ಐದು ಸೆಂಟಿಮೀಟರು ಏರಿತು, ಐದು ಕಿಲೋ ಲೆಕ್ಕಕ್ಕೆ ಬಂತು. ಉಳಿದ ಒಂದಕ್ಕೆ ರುಮಾಲು ಬಿಚ್ಚಿ ನನ್ನ ಕೈಗೆ ಕೊಟ್ಟು, ಮತ್ತೆ ಕಾಟಾ ಹತ್ತಿದರು: "ತೂಕ ಮಾತ್ರ ಇದನ್ನ ಬಿಟ್ಟು ನೋಡು."

ಜೋಡಿ

ಮಗ್ಗುಲ ಮನೆಯವಳು ದುಂಡಗಿದ್ದಾಳೆ, ಅವಳ ಗಂಡ ಕಡ್ಡಿ. ಅವಳಿಗೆ ಎಷ್ಟು ಹೆಚ್ಚೋ ಅವನಿಗೆ ಅಷ್ಟೇ ಕಡಿಮೆ ಬಂತು.

"ಬ್ಯಾರೆ ಬ್ಯಾರೆ ಯಾಕ ತೂಗ್ತಿ? ಇಬ್ಬರನ್ನೂ ಕೂಡಿಸಿ ತೂಗು, ಬರೋಬ್ಬರಿ ಬರ್ತದ" ಎಂದಳು.

ಗಂಡ ನಿಟ್ಟುಸಿರು ಬಿಟ್ಟ: "ಖರೇ ಅದರೀ ಅಕ್ಕಾ. ನಂದೂ ಆಕಿ ಕಡೇನೇ ಜಮಾ ಅದ."

ಸೊಸೆ

ಇದು ನಗುವಂತೆ ಶುರುವಾಗಲಿಲ್ಲ. ಓಣಿಯ ಹಿರಿಯಾಕೆ ಹೊಸ ಸೊಸೆಯನ್ನು ಎಳೆದುಕೊಂಡು ಬಂದಳು. ಹುಡುಗಿ ಹಿಂದಿನ ದಿನ ಒಲೆಯ ಮುಂದೆ ತಲೆತಿರುಗಿ ಬಿದ್ದಿದ್ದಳಂತೆ.

"ರೋಗಿಷ್ಟ ಹುಡುಗೀನ ನಮ್ಮ ಕೊರಳಿಗಿ ಕಟ್ಯಾರ. ತೂಕ ನೋಡಿ ಹೇಳು. ಇವತ್ತೇ ಬಸ್ ಹತ್ತಿಸಿ ಕುರಕುಂಟಾಕ್ಕ, ತವರಮನಿಗಿ ಕಳಸ್ತೀನಿ. ತಿರುಗಿ ಕರಸಾಂಗಿಲ್ಲ."

ಹುಡುಗಿಯ ಕಣ್ಣು ತುಂಬಿತ್ತು. ಕಾಟಾ ಎಂಟು ಕಿಲೋ ಕಡಿಮೆ ತೋರಿಸಿತು.

"ಹೊಟ್ಟಿ ತುಂಬ ಉಣ್ತಾಳೇನ್ರಿ?" ಎಂದೆ.

"ಉಣ್ಣದೇನು! ದಿನಾ ಬುಟ್ಟಿ ತುಂಬ ರೊಟ್ಟಿ ಬಡೀತಾಳ."

"ಬಡಿಯೋದಲ್ಲರಿ, ತಿನ್ನೋದು ಕೇಳಿದೆ."

ಹುಡುಗಿ ಮೆಲ್ಲಗೆ, "ಎಲ್ಲಾರದೂ ಆದ ಮ್ಯಾಲ ಉಳದದ್ದು" ಎಂದಳು.

"ಉಳೀತದೇನು?"

ಹುಡುಗಿ ಅತ್ತೆಯ ಮುಖ ನೋಡಿದಳು. ಅತ್ತೆ ಕಾಟಾ ನೋಡಿದಳು.

ನಾನು ಬಿಡಲಿಲ್ಲ. "ಮೊದಲ ದವಾಖಾನಿಗಿ ತೋರಸ್ರಿ. ಆಮ್ಯಾಲ ಬಡಿಯಾಕಿ ತಾಟಿಗೇ ಮೊದಲನೇ ರೊಟ್ಟಿ ಹಾಕ್ರಿ. ಬಸ್ ಎಲ್ಲಿಗೂ ಓಡಿ ಹೋಗಾಂಗಿಲ್ಲ."

ಕೊನೆಗೆ ಅತ್ತೆ ಸೊಸೆಯ ಕೈಹಿಡಿದಳು. "ನಡೀ, ದವಾಖಾನಿಗಿ ಹೋಗಮು. ಮಧ್ಯಾಹ್ನ ನನ್ನ ಸಂಗಾಟೇ ಉಣ್ಣಾಕ ಕುಂದ್ರು."

ನಾನು ಗೆದ್ದವಳಂತೆ ಸೆರಗು ಸಿಕ್ಕಿಸಿಕೊಂಡೆ. ಅಷ್ಟರಲ್ಲಿ ಜೋಳದ ಚೀಲದ ಮೇಲೆ ಕುಳಿತಿದ್ದ ನನ್ನ ಮಗಳು ಒಂದು ಪ್ರಶ್ನೆ ಕೇಳಿದಳು. ಬಾಗಿಲು ದಾಟುತ್ತಿದ್ದ ಅತ್ತೆ-ಸೊಸೆ ಇಬ್ಬರೂ ನಿಂತು ನನ್ನತ್ತ ತಿರುಗಿದರು. ಯಾರಿಗೂ ಉತ್ತರ ಬಾಕಿ ಉಳಿಸದ ನಾನು, ಗಡಬಡಿಸಿ ಗಿರಣಿಯ ಸ್ವಿಚ್ ಹಾಕಿಬಿಟ್ಟೆ.

ಸದ್ದಿಗೆ ನನಗೆ ಕೇಳಿಸಲಿಲ್ಲವೆಂದು ತಿಳಿದ ಮಗಳು, ಇಡೀ ಓಣಿಗೆ ಕೇಳುವಂತೆ ಮತ್ತೆ ಕೂಗಿದಳು: "ಅವ್ವಾ, ಮತ್ತ ನೀ ಯಾಕ ಎಲ್ಲಾರದೂ ಆದ ಮ್ಯಾಲ ಉಣ್ತಿ?"