ಉಪಗ್ರಹ ಬಂದ ದಿಕ್ಕು

ನನಗೆ ದಿಕ್ಕು ತಿಳಿಯುವುದಿಲ್ಲ. ನೆಹರು ಗಂಜ್ ಮಾರುಕಟ್ಟೆಗೆ ತೊಗರಿಬೇಳೆ ತರಲು ಹೊರಟವನು ಮೋಮಿನಪುರದಲ್ಲಿ ಚಹಾ ಕುಡಿದು ಬರಿಗೈಲಿ ಮನೆಗೆ ಬರುತ್ತೇನೆ. ಹೆಂಡತಿ ಮಹಾದೇವಿ ಬೈಯುವುದನ್ನೂ ಬಿಟ್ಟಿದ್ದಾಳೆ. ಇಂಥ ನಾನು ಕಮಲಾಪುರದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಕಲಬುರಗಿಯಿಂದ ದಿನಾ ಬಸ್ಸು ಹತ್ತಿ ಸರಿಯಾದ ಊರಲ್ಲೇ ಇಳಿಯುತ್ತೇನೆಂದರೆ ಆ ಪುಣ್ಯ ಕಂಡಕ್ಟರನದು.

ಕಾಲೇಜು ವಿದ್ಯಾರ್ಥಿಗಳೇ ಸೇರಿ ಮಾಡಿದ, ಊಟದ ಡಬ್ಬಿಯಷ್ಟು ದೊಡ್ಡ ಉಪಗ್ರಹವೊಂದು ಭೂಮಿ ಸುತ್ತುತ್ತಿದೆ, ಹವ್ಯಾಸಿ ರೇಡಿಯೊದವರಿಗಾಗಿ ಅದು ಕಳಿಸುವ ಸಂಕೇತವನ್ನು ಯಾರು ಬೇಕಾದರೂ ಕೇಳಬಹುದು ಎಂದು ಒಮ್ಮೆ ತರಗತಿಯಲ್ಲಿ ಬಾಯಿಬಿಟ್ಟೆ. ಹತ್ತನೇ ಕ್ಲಾಸಿನ ಭಾಗ್ಯಶ್ರೀ ಬೆನ್ನು ಹತ್ತಿದಳು, ನಾವೂ ಕೇಳೋಣ್ರಿ ಅಂತ. ಪ್ಲಾಸ್ಟಿಕ್ ಪೈಪಿಗೆ ಉಕ್ಕಿನ ಅಳತೆ ಟೇಪಿನ ತುಂಡುಗಳನ್ನು ಕಟ್ಟಿ ನಮ್ಮ ಮಾಳಿಗೆಯ ಮೇಲೆ ಆಂಟೆನಾ ಮಾಡಿದೆ. ಮಹಾದೇವಿ ಅದರ ಮೇಲೆ ಎರಡು ದಿನ ಟವೆಲ್ ಒಣಹಾಕಿದಳು. ಬಸ್ಸಿನಲ್ಲಿ ಒಯ್ಯುವಾಗ ಪಕ್ಕದ ಅಜ್ಜಿ, ಇದರಾಗ ಧಾರಾವಾಹಿ ಚೆಂದ ಕಾಣ್ತಾವೇನು ಎಂದು ವಿಚಾರಿಸಿದಳು.

ಹೆಡ್ ಮೇಡಂ ಒಂದು ಕರಾರು ಹಾಕಿದ್ದರು. ಸಂಕೇತ ಕೇಳಿಸಿದರೆ ಮುರುಕು ಬೆಂಚು ತುಂಬಿದ್ದ ಕೋಣೆ ಖಾಲಿ ಮಾಡಿಸಿ ಮಕ್ಕಳ ರೇಡಿಯೊ ಕೂಟಕ್ಕೆ ಕೊಡುವುದು. ಇಲ್ಲವಾದರೆ ಎಲ್ಲರೂ ತೆಪ್ಪಗೆ ಪರೀಕ್ಷೆಗೆ ಓದುವುದು.

ಮಧ್ಯಾಹ್ನ ಇಡೀ ಶಾಲೆ ಮೈದಾನಕ್ಕೆ ಬಂತು. ನಾನು ಗಂಭೀರವಾಗಿ ಆಂಟೆನಾ ಎತ್ತಿ ಹಿಡಿದೆ. ಅದಕ್ಕೆ ಜೋಡಿಸಿದ್ದ ಪುಟ್ಟ ರೇಡಿಯೊ ಎಣ್ಣೆಯಲ್ಲಿ ಒಗ್ಗರಣೆ ಬಿದ್ದಂತೆ ಬರೀ ಚುರುಗುಟ್ಟಿತು. ಉಪಗ್ರಹ ದಾಟಿಹೋದ ಮೇಲೆ ತಿಳಿಯಿತು, ಅದು ದಕ್ಷಿಣದಿಂದ ಬಂದಿತ್ತು. ನಾನು ಅಷ್ಟೂ ಹೊತ್ತು ಉತ್ತರಕ್ಕೆ ಮುಖ ಮಾಡಿ ಕಾದಿದ್ದೆ. ಹುಡುಗಿಯರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಭೂಮಿ ಸುತ್ತಿ ಅದು ಮತ್ತೆ ಬರಲು ಒಂದೂವರೆ ತಾಸು ಬೇಕು, ಅಷ್ಟರಲ್ಲಿ ಶಾಲೆ ಬಿಟ್ಟಿರುತ್ತದೆ ಎಂದು ತಲೆ ತಗ್ಗಿಸಿ ಹೇಳಿದೆ. ಭಾಗ್ಯಶ್ರೀ ಮೇಡಂ ಕಡೆ ತಿರುಗಿದಳು. "ಅದು ಇಡೀ ಭೂಮಿ ಸುತ್ತಿ ಬರ್ತದಂತ್ರಿ ಮೇಡಂ. ನಾವು ಇಲ್ಲೇ ಕೂತು ಕಾಯಲಿಕ್ಕೆ ಏನ್ ತ್ರಾಸ್ರಿ?"

ಮೇಡಂ ಕುರ್ಚಿ ತರಿಸಿಕೊಂಡು ಕೂತರು. ಯಾರೋ ಕಮಲಾಪುರದ ಕೆಂಪು ಬಾಳೆಹಣ್ಣು ಹಂಚಿದರು. ಎರಡನೆಯ ಸಲ ಆಂಟೆನಾ ಹಿಡಿದವಳು ಭಾಗ್ಯಶ್ರೀ. ನನ್ನನ್ನು ಗಡಿಯಾರ ನೋಡಲು ಕೂಡಿಸಿದ್ದರು. ಅವಳು ದಕ್ಷಿಣದಿಂದ ಪಶ್ಚಿಮಕ್ಕೆ ಮೆಲ್ಲಗೆ ತಿರುಗುತ್ತಿದ್ದಂತೆ ಆ ಚುರುಗುಟ್ಟುವಿಕೆಯೊಳಗಿಂದ ಮರಿಹಕ್ಕಿಯಂಥ ಸಣ್ಣ ದನಿ ಬಂತು. ಪೀ, ಪೀಪೀ, ಪೀ. ದನಿ ಕ್ಷೀಣಿಸಿ ನಿಂತ ಮೇಲೆ ಮೇಡಂ ಎದ್ದು, ಕೋಣೆಯ ಬೀಗದ ಕೈಯನ್ನು ನೇರವಾಗಿ ಭಾಗ್ಯಶ್ರೀಗೆ ಕೊಟ್ಟರು.

ಮನೆಗೆ ಬಂದು ಬಾಗಿಲಲ್ಲೇ ಶುರುಮಾಡಿದೆ. ಮಹಾದೇವಿ ಪೂರ್ತಿ ಕೇಳಿ, ಅಷ್ಟು ಮೇಲಿಂದ ಅದು ಏನು ಹೇಳಿತು ಎಂದಳು. ಆ ಪೀಪೀಯಲ್ಲೇ ತನ್ನ ಹೆಸರು ಹೇಳಿತು ಎಂದೆ. ಮತ್ತೇನು ಎಂದಳು. ಮತ್ತೇನಿಲ್ಲ, ಅದನ್ನೇ ತಿರುತಿರುಗಿ ಹೇಳುತ್ತದೆ ಎಂದೆ.

"ಅದನ್ನ ಕೇಳಲಿಕ್ಕೆ ಕಮಲಾಪುರದ ತನಕ ಯಾಕ್ ಹೋಗಬೇಕ್ರಿ?" ಎಂದು ಅವಳು ಚಹಾ ಸೋಸತೊಡಗಿದಳು. "ನಮ್ಮ ಮನ್ಯಾಗ ಮಂದಿ ಬಂದಾಗೆಲ್ಲ ನಿಮ್ಮ ಬಾಯಾಗ ನಿಮ್ಮ ಹೆಸರು ಹಿಂಗೇ ಕೇಳ್ತದಲ್ಲ."