ಬೆಳ್ಳಿ ಉಡದಾರ ಮತ್ತು ಜೋಮು ಹಿಡಿದ ಕಾಲು

ಎಕ್ಸ್‌ರೇ ಕೋಣೆಗೆ ಯಾರೂ ನಗಲಿಕ್ಕೆ ಬರುವುದಿಲ್ಲ. ಆದರೂ ನಗಿಸಿ ಹೋದವರೇ ನನಗೆ ಹೆಚ್ಚು ನೆನಪಿದ್ದಾರೆ. ಅರವತ್ತರ ದಶಕದಲ್ಲಿ ಕೊಲ್ಲಾಪುರದ ಡಾಕ್ಟರೊಬ್ಬರ ಹತ್ತಿರ ನಾನು ಎಕ್ಸ್‌ರೇ ತೆಗೆಯುತ್ತಿದ್ದೆ. ಇಚಲಕರಂಜಿಯ ನೇಕಾರರೊಬ್ಬರು ಹೆಂಡತಿಯ ಹೆಗಲು ಹಿಡಿದು ಬಂದರು. ಬಲಗಾಲಿಗೆ ಜೋಮು. ಊರಿಗೆಲ್ಲ ಪವರ್‌ಲೂಮ್ ಬಂದರೂ ಅವರದು ಇನ್ನೂ ಕುಣಿಮಗ್ಗ. ಕುಣಿಯಲ್ಲಿ ಕಾಲು ಇಳಿಬಿಟ್ಟು ತುಳಿಯದೆ ನಡೆಯದು.

೧. ಕಾಲು ಬಿಟ್ಟು ಸೊಂಟ

ಡಾಕ್ಟರರು ಸೊಂಟದ ಚಿತ್ರ ಬೇಕೆಂದರು. ನೇಕಾರರು ಕೂತಲ್ಲಿಂದ ಏಳಲಿಲ್ಲ.

"ಜೋಮು ಕಾಲಾಗ ಐತ್ರಿ. ಸೊಂಟದ ಫೋಟೋ ಯಾಕ?"

"ಕಾಲಿನ ನರ ಬೆನ್ನಿನಿಂದ ಇಳದು ಬರತೈತ್ರಿ. ಅಲ್ಲಿ ಒತ್ತಿದ್ರ ಇಲ್ಲಿ ಜೋಮು," ಅಂದೆ.

ಅವರು ಹೆಂಡತಿಯ ಕಡೆ ತಿರುಗಿದರು. "ಹಂಗಾದ್ರ ಆರು ತಿಂಗಳು ನೀ ಎಣ್ಣಿ ತಿಕ್ಕಿದ್ದು ತಪ್ಪ ಜಾಗಾಕ್ಕ."

"ಭಾಳ ಹಿತ ಆಗತೈತಿ ಅಂತಿದ್ದವ್ರು ನೀವ," ಅಂದರು ಆಕೆ.

೨. ಬಿಚ್ಚದ ಉಡದಾರ

ಫಿಲ್ಮ್ ತೊಳೆದು ನೋಡಿದರೆ, ಬೇಕಾದ ಎಲುಬಿನ ಮೇಲೆಯೇ ಅಡ್ಡಲಾಗಿ ಬಿಳಿ ಗೆರೆ. ನಡುವಿನ ಬೆಳ್ಳಿ ಉಡದಾರ. ಬಿಚ್ಚಿರಿ ಎಂದೆ.

"ಉಡದಾರ ತಗಿಯೂದು ಸತ್ತಮ್ಯಾಗ್ರಿ. ಕಾಲು ಹೋದ್ರ ಹೋಗ್ಲಿ."

ಆಕೆ ಚೀಲದಿಂದ ಮಗ್ಗದ ಕೆಂಪು ನೂಲು ತೆಗೆದು, ಹೊಸೆದು, ಬೆಳ್ಳಿಯದರ ಪಕ್ಕದಲ್ಲೇ ಬಿಗಿದು ಕಟ್ಟಿದರು. "ಈಗ ಎರಡು ಆದೂ. ಒಂದು ಬಿಚ್ಚಿದ್ರೂ ಒಂದು ಇರತೈತಿ."

ನೂಲು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ; ಇಷ್ಟು ವರ್ಷ ಈ ಉಪಾಯ ನನಗೆ ಹೊಳೆದಿರಲಿಲ್ಲ. ನೇಕಾರರು ಬೆಳ್ಳಿಯದನ್ನು ಬಿಚ್ಚಿ ಆಕೆಯ ಕೈಗೆ ಕೊಟ್ಟು, ಮೇಜು ಹತ್ತಿ ಮಲಗಿ ನನಗಷ್ಟೇ ಕೇಳುವಂತೆ ಹೇಳಿದರು: "ಗಡಹಿಂಗ್ಲಜದ ಹೆಣ್ಣರಿ. ಅಕಿ ಜೋಡಿ ವಾದಕ್ಕ ನಿಂತು ಗೆದ್ದವ್ರಿಲ್ಲ."

೩. ಒಬ್ಬರೇ ಬಂದಾಗ

ಆ ಚಿತ್ರದಲ್ಲಿ ಎಲುಬು ಕಂಡಿತು, ನರ ಕಾಣಲಿಲ್ಲ. ಡಾಕ್ಟರರು ಬೆನ್ನೊಳಗೆ ಎಣ್ಣೆಯಂಥ ಔಷಧಿ ಬಿಟ್ಟು, ಮೇಜು ಓರೆ ಮಾಡಿಸಿ, ಅದು ಹರಿಯುವುದನ್ನು ಎಕ್ಸ್‌ರೇ ಪರದೆಯಲ್ಲಿ ನೋಡಿದರು. ಒಂದು ಕಡೆ ಅದು ನಿಂತೇಬಿಟ್ಟಿತು. ನರ ಒತ್ತಿದ ಜಾಗ ಅದೇ. ಆಪರೇಶನ್‌ಗೆ ಬೇರೆ ಊರಿಗೆ ಕಳಿಸಿದೆವು. ಹೊರಡುವಾಗ ಆಕೆ ಕೇಳಿದ್ದು ಒಂದೇ ಮಾತು: "ನಡೀತಾರೇನ್ರಿ?" ಬಹಳ ದಿನ ಆ ಮಾತು ಕಾಡಿತು.

ಐದು ತಿಂಗಳ ಮೇಲೆ ಆಕೆ ಒಬ್ಬರೇ ಬಾಗಿಲಲ್ಲಿ ನಿಂತಿದ್ದರು. ನಾನು ಎದ್ದು ಅವರ ಹಿಂದೆ ಇಣುಕಿದೆ; ಯಾರೂ ಇರಲಿಲ್ಲ.

"ಯಜಮಾನ್ರು?"

"ನಡಿಯಾಕತ್ತಾರ್ರಿ. ಮಗ್ಗ ಬಿಟ್ಟ್ರ ಅಕಿವಾಟ, ಅಕಿವಾಟ ಬಿಟ್ಟ್ರ ಉದಗಾಂವ, ಊರೂರು ತಿರಗತಾರ. ಇವತ್ತು ನಿಮಗ ಕೈಮುಗಿಯಾಕಂತ ಜೋಡಿಲೆ ಬಂದಿದ್ವಿ. ನಾ ಬಸ್ ಇಳಿಯೂದ್ರಾಗ ಅವ್ರು ಮಾಯ."

ಆಕೆ ಒಳಗಿನ ಎಕ್ಸ್‌ರೇ ಮಷೀನಿನ ಕಡೆ ನೋಡಿದರು.

"ಎಲ್ಲಿ ಹೋಗ್ಯಾರ ಅಂತ ಆ ಮಷೀನಿನ್ಯಾಗ ಕಾಣತೈತೇನ್ರಿ?"