ಮೆಣಸಿನಕಾಯಿಯ ವಿದೇಶಾಂಗ ವ್ಯವಹಾರ

ದೇಶ-ದೇಶಗಳ ಒಪ್ಪಂದಕ್ಕೆ ಸಹಿ ಬೀಳುವುದು ದೆಹಲಿಯಲ್ಲಿ, ಜಕಾರ್ತಾದಲ್ಲಿ. ಅದರ ಪಜೀತಿಯೆಲ್ಲ ನಡೆಯುವುದು ಮಾತ್ರ ನಮ್ಮ ಹುಬ್ಬಳ್ಳಿಯಲ್ಲಿ. ಆಗ್ನೇಯ ಏಷ್ಯಾವನ್ನೆಲ್ಲ ಅಲೆದು, ಎರಡು-ಮೂರು ಭಾಷೆ ಗಂಟು ಹಾಕಿಕೊಂಡು ಬಂದ ತಪ್ಪಿಗೆ, ನಡುವೆ ನಿಂತು ಮಾತು ದಾಟಿಸುವ ಕೆಲಸ ನನ್ನದು.

೧. ಒಮ್ಮತ

ಕೇಶ್ವಾಪುರದ ಮೆಣಸಿನಕಾಯಿ ಸಾವಕಾರರಿಗೆ ಒಂದೇ ಹಟ: ಈ ಸಲ ತಮ್ಮ ಬ್ಯಾಡಗಿ ಕಾಯಿ ತಮ್ಮದೇ ಹೆಸರಿನ ಚೀಲದಲ್ಲಿ ಹಡಗು ಹತ್ತಬೇಕು. ಆಗದಿದ್ದರೆ ತಮ್ಮಂದಿರು ಮಾಲನ್ನೆಲ್ಲ ದಲ್ಲಾಳಿಗೆ ಒಪ್ಪಿಸಿಬಿಡುವವರು. ಕೊಳ್ಳುವವರು ಬರುವುದು ಆಸಿಯಾನ್ ದೇಶಗಳಿಂದ; ಅವರು ಬರುವ ಮುಂಚೆ ಆಸಿಯಾನ್ ಎಂದರೇನೆಂದು ಸಾವಕಾರರಿಗೆ ತಿಳಿಸಿ ಹೇಳಿದೆ.

"ಅಕ್ಕಪಕ್ಕದ ದೇಶಗಳ ಕೂಟ ಅದು. ಎಲ್ಲಾರೂ ಹೂಂ ಅಂದ್ರನ ತೀರ್ಮಾನ. ಒಬ್ಬರು ಒಲ್ಲೆ ಅಂದ್ರ ಮುಗೀತ್ರಿ."

"ನಾವೂ ಐದು ಮಂದಿ ಅಣ್ತಮ್ಮಂದಿರು ಹಂಗ ಅದೇವಿ ನೋಡ್ರಿ ಅಕ್ಕಾರ," ಎಂದರು ಸಾವಕಾರರು. "ಅದಕ್ಕ ನಮ್ಮ ಮನಿಗೆ ಇನ್ನೂ ಬಣ್ಣ ಹಚ್ಚಿಲ್ಲ."

೨. ಊಟ

ಬಂದವರು ಇಬ್ಬರು: ಥಾಯ್ಲೆಂಡಿನ ಒಬ್ಬ ಗೃಹಸ್ಥ, ಇಂಡೋನೇಷ್ಯಾದ ಒಬ್ಬ ಹೆಣ್ಣುಮಗಳು. ವ್ಯಾಪಾರಕ್ಕೆ ಮೊದಲು ಊಟ. ತಟ್ಟೆಯಲ್ಲಿ ಬಿಟ್ಟರೆ ಅನ್ನಕ್ಕೆ ಅವಮಾನ ಎಂದು ನಂಬಿದ ಗೃಹಸ್ಥ ಚೊಕ್ಕಟವಾಗಿ ಮುಗಿಸಿದ. ತಟ್ಟೆ ಖಾಲಿ ಕಂಡರೆ ತಮಗೇ ಅವಮಾನ ಎಂದು ನಂಬಿದ ಸಾವಕಾರರ ಹೆಂಡತಿ ಮತ್ತೆ ರೊಟ್ಟಿ, ಎಣಗಾಯಿ ಹಾಕಿದರು. ಆತ ಮುಗಿಸಿದ. "ನಾಚಿಗೋಬ್ಯಾಡ್ರಿ" ಎನ್ನುತ್ತ ಇವರು ಹಾಕಿದರು. ಹೋಳಿಗೆ ಬರುವ ಹೊತ್ತಿಗೆ ಆತ ಬೆವರೊರೆಸಿಕೊಳ್ಳುತ್ತ ನನ್ನ ಕಿವಿಯಲ್ಲಿ ಕೇಳಿದ: "ಇದನ್ನು ನಿಲ್ಲಿಸಲು ಯಾವ ಒಪ್ಪಂದಕ್ಕೆ ಸಹಿ ಹಾಕಬೇಕು?"

೩. ಖಾರ

ಅಂಗಡಿಯಲ್ಲಿ ಗೃಹಸ್ಥ ಒಂದು ಕಾಯಿ ಕಚ್ಚಿ, ಖಾರ ಹತ್ತಲಿ ಎಂದು ಕಾದ. ಹತ್ತಲಿಲ್ಲ. ಬ್ಯಾಡಗಿ ಹೆಸರಾದದ್ದು ಬಣ್ಣಕ್ಕೆ.

"ನಮ್ಮಲ್ಲಿ ಇಂಥದನ್ನು ಮಕ್ಕಳಿಗೆ ಕೊಡುತ್ತೇವೆ," ಎಂದ.

ಆ ಮಾತನ್ನು ಕನ್ನಡಕ್ಕೆ ದಾಟಿಸಬಾರದಿತ್ತು, ದಾಟಿಸಿಬಿಟ್ಟೆ. ಸಾವಕಾರರ ಮುಖ ಕಾಯಿಗಿಂತ ಕೆಂಪಾಯಿತು. "ಖಾರನ ಬೇಕಂದ್ರ ನಮ್ಮ ತಮ್ಮಂದಿರನ್ನ ಕರ್ಕೊಂಡು ಹೋಗು ಅನ್ರಿ!"

೪. ಟವೆಲ್ಲು

ಹೆಣ್ಣುಮಗಳಿಗೆ ಮಾತ್ರ ಬೇಕಾಗಿದ್ದುದೇ ಆ ಬಣ್ಣ. ಅವಳದು ಸಾಸ್ ಕಾರ್ಖಾನೆ. "ದರ ಎಷ್ಟು?" ಎಂದು ಎಲ್ಲರೆದುರಿಗೇ ಕೇಳಿದಳು.

ಸಾವಕಾರರು ಹೌಹಾರಿದರು. ಅವರ ಹಿರಿಯರ ಪದ್ಧತಿಯಲ್ಲಿ ದರ ಬಾಯಿಂದ ಬರುವಂತಿಲ್ಲ. ಕೈಗಳ ಮೇಲೆ ಟವೆಲ್ ಹೊದಿಸಿ, ಕೆಳಗೆ ಬೆರಳು ಹಿಡಿದೇ ಕುದುರಿಸಬೇಕು. ಆದರೆ ಪರಸ್ತ್ರೀಯ ಕೈ ಹಿಡಿಯುವುದು ಹೇಗೆ? ಕೊನೆಗೆ ಹೆಂಡತಿಯನ್ನೇ ಕರೆಸಿದರು. ಆಕೆಯೂ ವ್ಯಾಪಾರಸ್ಥರ ಮನೆಯ ಮಗಳೇ. ಯಾವ ಬೆರಳಿಗೆ ಎಷ್ಟೆಂದು ನಾನು ಹೆಣ್ಣುಮಗಳಿಗೆ ತಿಳಿಸಿದೆ.

ಟವೆಲ್ ಅಲುಗಾಡಿತು, ಉಬ್ಬಿತು. ಒಬ್ಬರು ಹುಬ್ಬು ಗಂಟಿಕ್ಕಿದರೆ ಇನ್ನೊಬ್ಬರು ತಲೆ ಅಲ್ಲಾಡಿಸಿದರು. ಆಮೇಲೆ ಇಬ್ಬರೂ ಒಟ್ಟಿಗೇ ನಕ್ಕರು. ಚೀಲದ ಹೆಸರಿಗೂ ಹೆಣ್ಣುಮಗಳು ಹೂಂ ಎಂದಳು. ಮುಗಿಯಿತು: ಮಾಲು ಇಂಡೋನೇಷ್ಯಾಕ್ಕೆ, ಚೀಲದ ಮೇಲೆ ಸಾವಕಾರರದೇ ಹೆಸರು!

"ಎಷ್ಟಕ್ಕ ಮುಗಿಸಿದಿ?" ಸಾವಕಾರರು ಅವಸರಿಸಿದರು.

"ಬಾಯಿಲೆ ಹೇಳಬಾರದ್ರಿ," ಎಂದರು ಹೆಂಡತಿ. "ತರ್ರಿ ಇಲ್ಲೆ ಕೈ."

ಸಾವಕಾರರು ಅತ್ತಿತ್ತ ನೋಡಿ, ನಾಚಿ, ಟವೆಲ್ಲಿನ ಕೆಳಗೆ ಕೈ ತೂರಿಸಿದರು. ದರ ತಿಳಿಯಿತು. ಮುಖ ಅರಳಿತು. ತಿಳಿದ ಮೇಲೂ ಕೈ ಮಾತ್ರ ಹೊರಗೆ ಬರಲಿಲ್ಲ.

ಥಾಯ್ ಗೃಹಸ್ಥ ನನ್ನತ್ತ ಬಾಗಿದ: "ಇನ್ನೂ ಕುದುರಿಸುತ್ತಿದ್ದಾರೆಯೇ?"